ಅದೇ ಬಂಡೆ, ಅದೇ ಕುದುರೆ

ಆ ದೇಶದಲ್ಲಿ ಇರುವುದು ಒಂದೇ ಬಂಡೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಳೆಯ ಕೌಬಾಯ್ ಪಿಕ್ಚರುಗಳನ್ನು ನೋಡಿ ಬೆಳೆದವನಿಗೆ ಬೇರೆ ಏನು ತೋಚಬೇಕು ಹೇಳಿ? ಯಾವ ಪಿಕ್ಚರ್ ಹಾಕಿದರೂ ಒಂಟೆಯ ಬೆನ್ನಿನಂಥ ಅದೇ ಬಂಡೆ, ಅದರ ಹಿಂದೆ ಅಡಗಿದ ಅದೇ ಕಳ್ಳರು. ಗುಂಡು ಹಾರಿಸುವ ಆಸೆಯಿದ್ದವರೆಲ್ಲ ಆ ಬಂಡೆಯ ಬಳಿಗೇ ಬರಬೇಕೆಂದು ಅಲ್ಲಿನ ಸರ್ಕಾರ ಕಾನೂನು ಮಾಡಿರಬೇಕು, ಎಂಥ ಶಿಸ್ತಿನ ಜನ ಎಂದು ಮೆಚ್ಚಿಕೊಂಡಿದ್ದೆ. ನಿರ್ಮಾಪಕರ ಕೈಗೆ ಎಟುಕಿದ್ದು ಅದೊಂದೇ ಬಂಡೆ ಎಂದು ಗೊತ್ತಾಗುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು. ಮೆಚ್ಚುಗೆ ಮಾತ್ರ ಇಳಿಯಲಿಲ್ಲ, ಇನ್ನೂ ಏರಿತು.

ನಾನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಒಂದು ಕೋಟ್ ಬಣ್ಣಕ್ಕೆ ಗೋಡೆ ಮುಚ್ಚುವುದಿಲ್ಲ, ಎರಡು ಹೊಡೆಸಿ ಎಂದು ವಾರವಿಡೀ ಗಿರಾಕಿಗಳಿಗೆ ಉಪದೇಶ ಮಾಡುತ್ತೇನೆ. ಆ ಪಿಕ್ಚರಿನ ಪುಣ್ಯಾತ್ಮರೋ ಒಂದೇ ಕೋಟಿನಲ್ಲಿ ಇಡೀ ಪರ್ವತಶ್ರೇಣಿಯನ್ನು ಬಟ್ಟೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಗಾಳಿ ಬೀಸಿದರೆ ಪರ್ವತ ಒಮ್ಮೆ ಮೈ ಕೊಡವುತ್ತಿತ್ತು. ಶೆರೀಫನ ಕಚೇರಿಯ ಬಾಗಿಲು ದಢಾರನೆ ಹಾಕಿದರೆ ಪಕ್ಕದ ಬ್ಯಾಂಕೂ ಅಲುಗಾಡುತ್ತಿತ್ತು. ಇದ್ದ ನಾಲ್ಕು ಕುದುರೆಗಳೇ ಒಮ್ಮೆ ಕಳ್ಳರನ್ನು ಹೊತ್ತು, ಇನ್ನೊಮ್ಮೆ ಅವರನ್ನು ಅಟ್ಟುವವರನ್ನು ಹೊತ್ತು (ಪಾಪ, ತಮ್ಮನ್ನು ತಾವೇ ಬೆನ್ನಟ್ಟಿ) ಓಡುತ್ತಿದ್ದವು. ಆದರೂ ಒಬ್ಬನ ಮುಖದಲ್ಲೂ ನಗು ಇಲ್ಲ. ಇಲ್ಲದ್ದನ್ನು ಇದೆ ಎಂದು ಅಷ್ಟು ಗಂಭೀರವಾಗಿ ನಂಬಿ ನಿಲ್ಲುವ ಎದೆಗಾರಿಕೆಯನ್ನು ದೊಡ್ಡ ಬಂಡವಾಳದ ಪಿಕ್ಚರುಗಳಲ್ಲಿ ನಾನು ಕಂಡಿಲ್ಲ. ಹಾಗಾಗಿ ಭಾನುವಾರ ಊಟವಾದ ಮೇಲೆ ಸೋಫಾದ ಎಡಮೂಲೆಯಲ್ಲಿ ನನ್ನ ಪ್ರತಿಷ್ಠಾಪನೆಯಾದರೆ ಸಂಜೆಯವರೆಗೆ ಅಲುಗಾಟವಿಲ್ಲ.

ಕಂಟಕ ಬಂದದ್ದು ಹೆಂಡತಿಯ ದೊಡ್ಡಪ್ಪನ ರೂಪದಲ್ಲಿ. ಇನ್ನು ಮೇಲೆ ಭಾನುವಾರ ಮಧ್ಯಾಹ್ನ ನಾವು ಅವರ ಮನೆಗೆ ಹೋಗಬೇಕೆಂದು ಅಪ್ಪಣೆಯಾಯಿತು. ಹೋದವರಿಗೆ ಅವರು ತಮ್ಮ ಕಿಡ್ನಿಯಿಂದ ತೆಗೆದ ಕಲ್ಲನ್ನು ಬಾಟಲಿಯಲ್ಲಿ ತೋರಿಸಿ, ಮೊದಲ ನೋವಿನಿಂದ ಶುರುಮಾಡಿ ಕಥೆ ಹೇಳುತ್ತಾರೆ. (ಕಲ್ಲೇ ನೋಡಬೇಕೆಂದರೆ ನನಗೆ ನನ್ನ ಬಂಡೆ ಸಾಲದೇ?) ನಾನು ಒಲ್ಲೆ ಎಂದೆ. ನಿಮ್ಮ ಆ ಮುರುಕಲು ಪಿಕ್ಚರಿಗಿಂತ ದೊಡ್ಡಪ್ಪನ ಕಲ್ಲೇ ವಾಸಿ, ಅದಾದರೂ ನಿಜವಾದದ್ದು ಎಂದಳು ಅವಳು. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು: ಅವಳು ನನ್ನ ಜೊತೆ ಒಂದು ಪಿಕ್ಚರ್ ನೋಡುವುದು. ನಡುವೆ ಎದ್ದು ಹೋದರೆ ನನ್ನ ಭಾನುವಾರಗಳೆಲ್ಲ ದೊಡ್ಡಪ್ಪನ ಬಾಟಲಿಗೆ ಸಮರ್ಪಣೆ. ಕೊನೆಯವರೆಗೆ ಕೂತರೆ ನನ್ನವೇ.

ಅವಳು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಾಜಾ ಹಾಕಲು ಉಳಿದಿದ್ದ ಶರಟುಗಳನ್ನು ತೊಡೆಯ ಮೇಲೆ ಹೇರಿಕೊಂಡೇ ಕೂತಳು. ನನ್ನ ಹೀರೋ ತಲೆಯ ಟೋಪಿ ಜಾರದಂತೆ ಮೂವರನ್ನು ಉರುಳಿಸಿದ. ಅವಳು ಹಲ್ಲಿನಲ್ಲಿ ದಾರ ಕಡಿದಳು. ಬಂಡೆ ಬಂತು. “ಇದು ಆಗಲೇ ಬಂದಿತ್ತಲ್ಲ” ಎಂದು ಆಕಳಿಸಿದಳು. ನನಗೆ ಬಾಟಲಿ ಕಣ್ಣಮುಂದೆ ಸುಳಿಯಿತು.

ಆಮೇಲೆ ಸೂಜಿ ನಿಂತಿತು.

“ರೀ, ಈಗ ಛಾವಣಿಯಿಂದ ಬಿದ್ದು ಸತ್ತನಲ್ಲ, ಅವನ ವೇಸ್ಟ್‌ಕೋಟಿಗೆ ಎರಡನೇ ಗುಂಡಿ ಇರಲಿಲ್ಲ.”

“ಇರಲಿಕ್ಕಿಲ್ಲ ಕಣೇ.”

“ಹೋಟೆಲಲ್ಲಿ ಲೋಟ ಒರೆಸ್ತಾ ಇದಾನಲ್ಲ, ಇವನಿಗೂ ಇಲ್ಲ. ಅವನೇ ಇವನು. ಮೀಸೆ ಅಂಟಿಸ್ಕೊಂಡಿದಾನೆ.”

ಶರಟುಗಳು ನೆಲಕ್ಕಿಳಿದವು. ಗುಂಡಿ ಇಲ್ಲದ ಆ ಮಹಾನುಭಾವ ಮುಂದೆ ಟಪಾಲಿನವನಾಗಿ ಬಂದ, ಜಡ್ಜ್ ಆದ, ಇನ್ನೊಮ್ಮೆ ಗುಂಡು ತಿಂದು ಸತ್ತ. ಕೊನೆಗೆ ತನ್ನನ್ನೇ ಹೂಳುವ ಜಾಗಕ್ಕೆ ಬಂದು, ಟೋಪಿ ತೆಗೆದು ಕಣ್ಣೊರೆಸಿಕೊಂಡ. ಅವಳೂ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಏನೋ ವಿವರಿಸಹೋದರೆ ಸುಮ್ಮನಿರಿ ಎಂದಳು. ಹೀರೋ ಬಂದು ನಿಂತರಂತೂ, ಈ ಮನುಷ್ಯ ಸ್ವಲ್ಪ ಪಕ್ಕಕ್ಕೆ ಸರಿಯಬಾರದೇ, ಹಿಂದಿರುವ ಅವನು ಕಾಣುವುದಿಲ್ಲ ಎಂದು ಅವಳ ಆಕ್ಷೇಪ.

ಪಿಕ್ಚರ್ ಮುಗಿಯಿತು. ನಾನು ಗೆದ್ದಿದ್ದೆ. ಮೀಸೆ ತಿರುವೋಣ ಎಂದು ಕೈ ಎತ್ತುವಷ್ಟರಲ್ಲಿ ಅವಳು ಫೋನ್ ಎತ್ತಿದ್ದಳು. ದೊಡ್ಡಪ್ಪ, ಮುಂದಿನ ಭಾನುವಾರದಿಂದ ನೀವೇ ನಮ್ಮಲ್ಲಿಗೆ ಬನ್ನಿ, ಇಲ್ಲೊಬ್ಬ ಎಂಥ ಕಲಾವಿದ ಇದ್ದಾನೆ ಗೊತ್ತಾ. ಹೂಂ, ಬಾಟಲಿನೂ ತನ್ನಿ.

ಹೀಗೆ ನನ್ನ ಭಾನುವಾರ ನನಗೇ ದಕ್ಕಿತು, ಕಲ್ಲಿನ ಸಮೇತ.

“ಪಾಪ, ಒಬ್ಬನೇ ಎಷ್ಟು ವೇಷ ಹಾಕ್ತಾನೆ ನೋಡಿ,” ಎಂದಳು ಅವಳು, ಶರಟುಗಳನ್ನು ಮತ್ತೆ ಎತ್ತಿಕೊಳ್ಳುತ್ತ. “ಈ ಮನೇಲಿ ನಾನಿದ್ದ ಹಾಗೆ. ಅಡುಗೆಯವಳೂ ನಾನೇ, ಗ್ಯಾಸಿನವನ ಹತ್ರ ಜಗಳ ಆಡೋಳೂ ನಾನೇ, ನಿಮಗೆ ಜ್ವರ ಬಂದ್ರೆ ಡಾಕ್ಟರೂ ನಾನೇ.”

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಅಷ್ಟು ಹೊತ್ತು ಕೌಬಾಯ್ ಪಿಕ್ಚರ್ ನೋಡಿದ ಗಂಡಸಿಗೆ ತಡೆಯುತ್ತದೆಯೇ? ಬೆನ್ನು ನೇರಮಾಡಿ, ಹೀರೋನ ಹಾಗೆ ಕಣ್ಣು ಕಿರಿದು ಮಾಡಿ, ಸೋಫಾದ ಎಡಮೂಲೆಯಿಂದಲೇ ಕೇಳಿದೆ:

“ಹಾಗಾದ್ರೆ ಈ ಪಿಕ್ಚರಲ್ಲಿ ನಾನು ಯಾರು?”

ಅವಳು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು:

“ಬಂಡೆ.”