ದೊಡ್ಡ ಸರ್ ಕಲಿಸೋದನ್ನ ಕಲಿತದ್ದು

ಸಂಶೋಧನೆಯಲ್ಲಿ ಹೆಸರು ಮಾಡಿದವರು ತಲೆ ಬೆಳ್ಳಗಾದ ಮೇಲೆ ಪಾಠ ಹೇಳುವುದನ್ನು ಕಲಿಯಲು ಹೊರಟರೆ, ಅವರ ಪಕ್ಕದಲ್ಲಿದ್ದವರಿಗೆ ನಗುವುದರಿಂದ ಬಿಡುವೇ ಸಿಗುವುದಿಲ್ಲ. ನನಗಂತೂ ಇನ್ನೂ ಸಿಕ್ಕಿಲ್ಲ.

ನಾನು ಮರಾಠಿ ಗಡಿಯ ಹಳ್ಳಿ ಅಸಂಗಿಯವಳು. ಸಂಖದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ವಿದ್ಯಾಪೀಠದ ಒಣಬೇಸಾಯ ಸಂಶೋಧನಾ ಕೇಂದ್ರವಿದೆ. ಅಲ್ಲೇ ಎಂ.ಎಸ್ಸಿ. ತರಗತಿಗಳೂ ನಡೆಯುತ್ತವೆ. ನಾನು ಅಲ್ಲಿ ಪಾಠ ಹೇಳುವವರಲ್ಲಿ ಕಿರಿಯಳು. ಎಲ್ಲರಿಗಿಂತ ಹಿರಿಯರನ್ನು ನಾವು 'ದೊಡ್ಡ ಸರ್' ಎನ್ನುತ್ತೇವೆ. ನನಗೂ ಅವರು ಗುರುಗಳು. ಮಣ್ಣಿನೊಳಗೆ ನೀರು ಹೇಗೆ ಇಳಿಯುತ್ತದೆ ಎಂದು ಅವರು ಬರೆದದ್ದನ್ನು ಹೊರದೇಶದವರೂ ಓದುತ್ತಾರೆ. ಅದನ್ನೇ ಅವರು ತರಗತಿಯಲ್ಲಿ ಹೇಳಿದರೆ ಮಾತ್ರ ಮೊದಲ ಬೆಂಚಿನವರಿಗೂ ಇಳಿಯುತ್ತಿರಲಿಲ್ಲ.

ಈಚೆಗೆ ವಿದ್ಯಾಪೀಠದವರು ಸಂಶೋಧನೆಯ ಜೊತೆ ಕಲಿಸುವುದೂ ಸುಧಾರಿಸಬೇಕೆಂದು ಉಳಿದವರಿಗೆ ಹೇಳಿಕೊಡಲು ಕೇಂದ್ರಕ್ಕೊಬ್ಬರನ್ನು ನೇಮಿಸಿ ಎಂದರು. ಯಾರೂ ಒಪ್ಪದ ಕೆಲಸ, ಹಾಗಾಗಿ ನನ್ನ ಕೊರಳಿಗೆ ಬಿತ್ತು. ಅಂದಿನಿಂದ ಹಿರಿಯರೆಲ್ಲ ನನ್ನನ್ನು ಕಂಡರೆ ವರಾಂಡದ ಇನ್ನೊಂದು ತುದಿಯಿಂದ ಹೋಗತೊಡಗಿದರು. ತಾವಾಗಿ ಬಂದವರು ದೊಡ್ಡ ಸರ್ ಒಬ್ಬರೇ. ಬಂದು ಬಾಗಿಲು ಮುಂದೆ ಮಾಡಿದರು.

"ತಂಗಿ, ನನ್ನ ಕ್ಲಾಸಿನ ಆ ಕುಣಿಕೋಣೂರ ಊರಿನ ಹುಡುಗಿ ಬ್ಯಾರೆ ವಿಷಯ ತಗೋತೀನಿ ಅಂದ್ಲು. ಹೊಲದಾಗ ಬೆಳದಾಕಿ. ಆಕಿಗೇ ಮಣ್ಣಿನ ಪಾಠ ತಿಳೀಲಿಲ್ಲ ಅಂದ್ರ ತಪ್ಪು ನಂದು. ಹೆಂಗ ಕಲಸಬೇಕು, ನನಗ ಹೇಳಿಕೊಡು."

ಇವರ ಮುಂದೆ ಮೌಖಿಕ ಪರೀಕ್ಷೆಯಲ್ಲಿ ನಾಲಿಗೆ ಒಣಗಿಸಿಕೊಂಡು ನಿಂತವಳು ನಾನು. "ಕುಂದ್ರಿ ಸರ್" ಅಂದೆ. ಅವರು ಕೂತರು. ಮುಂದಿನ ಪಾಠ ನನಗೂ ಗೊತ್ತಿರಲಿಲ್ಲ.

ತಮ್ಮ ಪಾಠಕ್ಕೆ ತಾವೇ ವಿದ್ಯಾರ್ಥಿ

ಮೊದಲು ಅವರ ಪಾಠವನ್ನು ಅವರಿಗೇ ತೋರಿಸೋಣ ಅಂದುಕೊಂಡೆ. ಅವರ ಒಂದು ತಾಸಿನ ಕ್ಲಾಸನ್ನು ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ನನ್ನ ಕೋಣೆಯ ಕಂಪ್ಯೂಟರಿಗೆ ಹಾಕಿ, ಅವರನ್ನು ಎದುರಿಗೆ ಕೂರಿಸಿ, ಚಹಾ ತರಲು ಹೋದೆ.

ಕ್ಯಾಂಟೀನಿನಲ್ಲಿ ಹಾಲು ಕಾಯುವುದು ತಡವಾಯಿತು. ನಾನು ಬಂದಾಗ ಪರದೆಯ ಮೇಲಿನ ದೊಡ್ಡ ಸರ್ ಬೋರ್ಡಿನ ಕಡೆ ಮುಖ ಮಾಡಿ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಕುರ್ಚಿಯ ಮೇಲಿನ ದೊಡ್ಡ ಸರ್ ಕತ್ತು ವಾಲಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಗಾಢ ನಿದ್ರೆಯಲ್ಲಿದ್ದರು. ಕಪ್ಪಿನ ಸದ್ದಿಗೆ ಎಚ್ಚರಾದರು.

"ಮುಗೀತೇನು?"

"ಇಲ್ರಿ ಸರ್. ಇನ್ನೂ ಪೀಠಿಕಿ ನಡದೈತಿ."

ಅವರು ಚಹಾ ಮುಗಿಯುವವರೆಗೆ ತಮ್ಮ ಪಾಠ ನೋಡಿದರು. ಆಮೇಲೆ ಹೇಳಿದರು: "ನಮ್ಮ ಹುಡುಗೂರು ಭಾಳ ಚಲೋ ಮಂದಿ, ತಂಗಿ. ಇಷ್ಟ ವರ್ಷ ಇದನ್ನ ಕಣ್ಣ ತೆರದು ಕೇಳ್ಯಾರ."

ಮೊದಲ ಉತ್ತರ

ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುವುದು ಅವರ ರೂಢಿ. ಇನ್ನು ಮುಂದೆ ಪ್ರಶ್ನೆ ಕೇಳಿ ಸುಮ್ಮನೆ ಕಾಯಿರಿ, ಎಷ್ಟೇ ಕಷ್ಟವಾದರೂ ಬಾಯಿ ಬಿಡಬೇಡಿ ಎಂದು ಹೇಳಿದ್ದೆ. ಅವರು ಸಂಶೋಧಕರು. ಹೇಳಿದ ವಿಧಾನವನ್ನು ಕೂದಲೆಳೆಯಷ್ಟೂ ಬದಲಿಸದೆ ಪಾಲಿಸುವವರು.

ಮರುದಿನ ತರಗತಿಗೆ ಹೋಗಿ, ಒಂದೇ ಮಳೆಯ ನೀರು ಒಂದು ಹೊಲದಲ್ಲಿ ಇಂಗುತ್ತದೆ, ಬದಿಯ ಹೊಲದಲ್ಲಿ ಹರಿದು ಹೋಗುತ್ತದೆ, ಯಾಕೆ ಎಂದು ಕೇಳಿದರು. ಕೇಳಿ ಕೈಕಟ್ಟಿ ನಿಂತರು. ಹುಡುಗರು ಅವರನ್ನು ನೋಡಿದರು, ಅವರು ಹುಡುಗರನ್ನು ನೋಡಿದರು. ಯಾರೂ ಕೆಮ್ಮಲಿಲ್ಲ ಕೂಡ.

ಆಗ ಹೊರಗೆ ಮೇಯುತ್ತಿದ್ದ ಆಡೊಂದು ತೆರೆದ ಬಾಗಿಲಲ್ಲಿ ತಲೆ ತೂರಿಸಿ 'ಮ್ಯಾ' ಎಂದಿತು. ದೊಡ್ಡ ಸರ್ ಬಹಳ ಗಂಭೀರವಾಗಿ ಅದರ ಕಡೆ ತಿರುಗಿದರು.

"ಶಾಬಾಸ್. ತಪ್ಪಿದ್ರೂ ಅಡ್ಡಿಯಿಲ್ಲ, ಬಾಯಿ ಬಿಡೂ ಧೈರ್ಯಾ ಮಾಡ್ತು. ಇನ್ನ ಯಾರು ಹೇಳ್ತೀರಿ?"

ಕೋಣೆಯೆಲ್ಲ ನಕ್ಕಿತು. ದೊಡ್ಡ ಸರ್ ತಮಾಷೆ ಮಾಡಬಲ್ಲರೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ. ನಗು ನಿಲ್ಲುವ ಮೊದಲೇ ಕುಣಿಕೋಣೂರ ಹುಡುಗಿ ಕೈ ಎತ್ತಿದಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಮ್ಮ ಹೊಲದ ಕಪ್ಪು ಎರಿ ಮಣ್ಣಿನ ಮಾತು ಹೇಳಿದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು. ತಾಸು ಮುಗಿದರೂ ಯಾರೂ ಏಳಲಿಲ್ಲ. ವರಾಂಡದಲ್ಲಿ ಸರ್ ನನಗೆ ಮೆಲ್ಲಗೆ ಹೇಳಿದರು: "ಆ ಆಡು ಯಾರದು ನೋಡು. ದಿನಾ ಇತ್ತಾಗ ಹೊಡೀಲಿ."

ರೊಟ್ಟಿ ಪ್ರಯೋಗ

ಕಣ್ಣಿಗೆ ಕಾಣುವಂತೆ ತೋರಿಸಿದರೆ ಬೇಗ ತಿಳಿಯುತ್ತದೆ ಎಂದೆ. ಅವರು ಒಂದು ಡಬ್ಬಿಯಲ್ಲಿ ಮನೆಯ ರೊಟ್ಟಿ ತಂದರು: ಕೆಲವು ಒಣಗಿ ಗಟ್ಟಿಯಾದ ಕಟಕ ರೊಟ್ಟಿ, ಕೆಲವು ಆಗಷ್ಟೇ ಬಡಿದ ಮೆತ್ತನೆಯವು. ಎರಡನ್ನೂ ತಾಟಿನಲ್ಲಿ ಓರೆಯಾಗಿಟ್ಟು ಮೇಲೆ ಬ್ಯಾಳಿ ಸಾರು ಸುರಿದರು. ಕಟಕ ರೊಟ್ಟಿಯ ಮೇಲಿಂದ ಸಾರು ಜಾರಿ ಹೋಯಿತು. ಮೆತ್ತನೆಯದು ನಿಧಾನಕ್ಕೆ ಕುಡಿಯಿತು. ಮಳೆ ಬಿದ್ದು ಒಣಗಿದ ನೆಲದ ಮೇಲೆ ಗಟ್ಟಿ ಪದರ ಕಟ್ಟಿದರೆ ಏನಾಗುತ್ತದೆ ಎಂಬುದು ಅವರ ಎಷ್ಟೋ ವರ್ಷದ ಸಂಶೋಧನೆ. ಅದು ಆ ತಾಟಿನಲ್ಲಿತ್ತು. ನಿಜ ಹೇಳುತ್ತೇನೆ, ಅವರ ಶಿಷ್ಯಳಾಗಿದ್ದಾಗ ನನಗೂ ಅದು ಅಷ್ಟು ಚಲೋ ತಿಳಿದಿರಲಿಲ್ಲ.

ಇನ್ನೊಮ್ಮೆ ತೋರಿಸಲೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತಿರುಗಿದರೆ ಡಬ್ಬಿ ಖಾಲಿ, ತಾಟು ಖಾಲಿ, ಸಾರೂ ಇಲ್ಲ. ಹುಡುಗರ ಬಾಯಿಗಳು ಮಾತ್ರ ಆಡುತ್ತಿದ್ದವು.

"ಪ್ರಯೋಗದ ಸಾಮಾನ ಎಲ್ಲಿ?" ಎಂದು ಸರ್ ಕೇಳಿದರು.

ಕುಣಿಕೋಣೂರ ಹುಡುಗಿ ನುಂಗಿಕೊಂಡು ಎದ್ದು ನಿಂತಳು. "ಪೂರ್ತಿ ಇಂಗೇತ್ರಿ ಸರ್."

ಅವಳು ವಿಷಯ ಬದಲಿಸಲಿಲ್ಲ. ಈಗ ಅವರ ಕೈಕೆಳಗೇ ಸಂಶೋಧನೆ ಮಾಡುತ್ತಿದ್ದಾಳೆ.

ಓದುವವರು

ನಮ್ಮ ಇನ್ನೊಬ್ಬ ಹಿರಿಯ ಪ್ರಾಧ್ಯಾಪಕರಿಗೆ ಇದೆಲ್ಲ ಸರಿಬರಲಿಲ್ಲ. ಪಾಠ ಚಲೋ ಮಾಡಿದರೆ ಬಡ್ತಿ ಸಿಗುವುದಿಲ್ಲ, ಇಷ್ಟು ಹೊತ್ತಿನಲ್ಲಿ ಇನ್ನೊಂದು ಸಂಶೋಧನಾ ಲೇಖನ ಬರೆಯಬಹುದಿತ್ತಲ್ಲ ಎಂದು ಎಲ್ಲರೆದುರು ಕೇಳಿದರು. ದೊಡ್ಡ ಸರ್ ಬೇಜಾರು ಮಾಡಿಕೊಳ್ಳಲಿಲ್ಲ.

"ಬರೀಬಹುದಿತ್ತು ಖರೇ. ಆದ್ರ ಬರದದ್ದನ್ನ ಓದಾವ್ರು ಬೇಕಲ್ರಿ? ಅವ್ರನ್ನ ತಯಾರ ಮಾಡಾಕತ್ತೀನಿ."

ಮರುವಾರ ಆ ಪ್ರಾಧ್ಯಾಪಕರೂ ನನ್ನ ಕೋಣೆಯ ಮುಂದೆ ಸುಳಿದಾಡಿದರು. ಒಳಗೆ ಬರಲಿಲ್ಲ. ರೊಟ್ಟಿ ಕಟಕ ಇರಬೇಕೋ ಮೆತ್ತಗೋ ಎಂದು ಬಾಗಿಲಲ್ಲೇ ಕೇಳಿ ಹೋದರು.

ಮನೆಪಾಠ

ದೊಡ್ಡ ಸರ್ ಮತ್ತು ನಾನು ಕೇಂದ್ರದ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆಯವರು. ಒಂದು ಭಾನುವಾರ ಮುಂಜಾನೆ ಅವರ ಮನೆಯವರು, ನಾನು ವೈನಿ ಎನ್ನುವವರು, ಸೆರಗು ಬಿಗಿದುಕೊಂಡು ನನ್ನ ಅಡುಗೆಮನೆಗೇ ಬಂದರು.

"ಮಧ್ಯಾನಕ್ಕ ಬದನಿಕಾಯಿ ಪಲ್ಯಾ ಮಾಡ್ಲೋ, ಕಡಲಿಹಿಟ್ಟಿನ ಝುಣಕ ಮಾಡ್ಲೋ ಅಂತ ನಿಮ್ಮ ಸರ್ ಅವ್ರಿಗೆ ಕೇಳಿದ್ನಿ. 'ನಿನಗೇನ ಅನಸ್ತೈತಿ? ಬಾಜೂದವ್ರ ಕೂಡ ಚರ್ಚಾ ಮಾಡಿ ಹೇಳು' ಅಂದ್ರು. ಅದಕ್ಕ ಬಂದೀನಿ. ಇದನ್ನ ಯಾರು ಕಲಿಸ್ಯಾರವಾ ಅವ್ರಿಗೆ?"

ತರಗತಿಯಲ್ಲಿ ಹುಡುಗರಿಗೆ ಹಾಗೆ ಹೇಳಿರೆಂದು ಅವರಿಗೆ ಕಲಿಸಿದ್ದ ನಾನು ಒಲೆಯ ಕಡೆ ತಿರುಗಿ, ನಮ್ಮಲ್ಲಿ ಇವತ್ತು ಬದನೆಕಾಯಿ ಎಂದೆ. ವೈನಿ ಆರಾಮಾಗಿ ಮಣೆ ಎಳೆದುಕೊಂಡು ಕೂತರು. ಹಾಗಾದರೆ ನಾನು ಇಲ್ಲೇ ಉಣ್ಣುತ್ತೇನೆ, ಸ್ವತಃ ಮಾಡಿದರೇ ಕಲಿಯೋದು ಅಂತ ನಿಮ್ಮ ಸರ್ ದಿನಾ ಹೇಳುತ್ತಾರೆ, ಇವತ್ತು ಮಾಡಿ ಕಲಿಯಲಿ ಎಂದರು.

ಮಧ್ಯಾಹ್ನ ನಾವು ಉಣ್ಣಲು ಕೂತಾಗ ಬಾಗಿಲು ಸದ್ದಾಯಿತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಉಳ್ಳಾಗಡ್ಡಿ, ಅಂಗಿಯ ಮೇಲೆಲ್ಲ ಕಡಲೆಹಿಟ್ಟು. ದೊಡ್ಡ ಸರ್ ಒಳಗೆ ಇಣುಕಿ, ಝುಣಕಕ್ಕೆ ಉಳ್ಳಾಗಡ್ಡಿ ಮೊದಲೋ ಹಿಟ್ಟು ಮೊದಲೋ ಎಂದು ಕೇಳಿದರು.

ವೈನಿ ತುತ್ತು ಬಾಯಿಗಿಡುತ್ತ ಅಂದರು: "ನಿಮಗೇನ ಅನಸ್ತೈತ್ರಿ?"

ದೊಡ್ಡ ಸರ್ ಒಮ್ಮೆ ಸೌಟು ನೋಡಿದರು, ಒಮ್ಮೆ ವೈನಿಯ ತಾಟು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ತಂಗಿ, ನಿನ್ನ ಪದ್ಧತಿ ಭಾಳ ಚಲೋ ಐತಿ. ಆದ್ರ ಹಸದಾವ್ರ ಮ್ಯಾಲ ಪ್ರಯೋಗ ಮಾಡಬಾರದು."