ನಾಯಿಗೆ ಬೆಲ್ಲ, ಬೀಗರಿಗೆ ನೀರು

ನಮ್ಮ ಸೋದರಮಾವ ಜೀವಮಾನದಲ್ಲಿ ಮರ್ಯಾದೆ ಕೊಟ್ಟಿದ್ದು ಒಬ್ಬರಿಗೇ. ಅವರು ಊರ ಹಿರಿಯರಲ್ಲ, ಮದ್ರಾಸ್ ಸರ್ಕಾರದ ಅಧಿಕಾರಿಗಳಲ್ಲ, ನಮ್ಮ ಅತ್ತೆಯಂತೂ ಖಂಡಿತ ಅಲ್ಲ. ಅದು ಅವರ ಮನೆಯ ನಾಯಿ!

ಹೊಸಪೇಟೆಯಲ್ಲಿ ಅವರ ಪಕ್ಕದ ಮನೆಯಲ್ಲೇ ನನ್ನ ಸಂಸಾರ. ಆದ್ದರಿಂದ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಮಾವ ಪ್ರತಿ ಸೋಮವಾರ ಹಂಪಿಗೆ, ವಿರೂಪಾಕ್ಷನ ದರ್ಶನಕ್ಕೆ ಹೋಗುತ್ತಿದ್ದರು. ಒಮ್ಮೆ ಬಜಾರದ ಕಲ್ಲುಮಂಟಪದಿಂದ ಒಂದು ನಾಯಿಮರಿ ಅವರ ಗಾಡಿಯ ಹಿಂದೆಯೇ ಮನೆತನಕ ಬಂತು. ಬಾಯಲ್ಲಿ ಒಂದು ಚಪ್ಪಲಿ. ಮಾವನದಾಗಿದ್ದರೆ ಚಿಂತೆಯಿರಲಿಲ್ಲ, ಅದು ಯಾರೋ ಭಕ್ತರದು. ಆ ಒಂಟಿ ಚಪ್ಪಲಿ ಹಿಡಿದು ಮಾವ ನಾಲ್ಕು ಸೋಮವಾರ ಗುಡಿಯ ಮುಂದೆ ನಿಂತರು. ಬಂದವರೆಲ್ಲ ದೇವರಿಗಿಂತ ಮೊದಲು ಇವರ ದರ್ಶನ ಮಾಡಿ, ತಮ್ಮ ಕಾಲು ನೋಡಿಕೊಂಡು ಒಳಗೆ ಹೋದರು.

ಹಿಡಿದದ್ದನ್ನು ಬಿಡದಿರುವುದು ಆ ನಾಯಿಯ ಗುಣ. ಅತ್ತೆಯ ಲಟ್ಟಣಿಗೆ, ನನ್ನ ಛತ್ರಿ, ಯಾವುದಾದರೂ ಸರಿ. ಎಳೆದಷ್ಟೂ ಹಲ್ಲು ಬಿಗಿ. ಅದಕ್ಕೆ ಬಿಡುವುದನ್ನು ಕಲಿಸಬೇಕೆಂದು ಮಾವ ತಮ್ಮ ಹಳೆಯ ಕೆಂಪು ರುಮಾಲು ಹರಿದು ಒಂದು ಚೆಂಡು ಕಟ್ಟಿದರು. ಜೊತೆಗೆ ಒಂದು ಸಿದ್ಧಾಂತವನ್ನೂ ಕಟ್ಟಿದರು.

"'ಕೊಡಲೇ' ಅಂತ ಗದರಿದ್ರ ಯಾರರ ಕೊಡ್ತಾರೇನು?" ಎಂದರು ನನಗೆ. "ಮನಿಗೆ ಬಂದೋರಿಗೆ ಮೊದಲು ಬೆಲ್ಲ ನೀರು ಕೊಡಬೇಕು. ಆಮ್ಯಾಲೆ ಮಾತು."

ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿಯೇ. ಅದರಲ್ಲಿ ನಾಯಿಯನ್ನೂ ಸೇರಿಸಿದ ಕೀರ್ತಿ ಮಾವನದು. ನಾಯಿ ಚೆಂಡು ಕಚ್ಚಿಕೊಂಡು ಕೂತರೆ, ಇವರು ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಕೈಮುಗಿಯುವರು. "ಕುಂದ್ರಿ. ಆರಾಮ ಅದೀರೇನ್ರಿ? ಚೆಂಡು ಬಿಡ್ರಿ, ಯಜಮಾನ್ರ." ಪಕ್ಕದ ತಟ್ಟೆಯಲ್ಲಿ ಕಂಪ್ಲಿಯ ಬೆಲ್ಲ. ನಾಯಿ ಬೆಲ್ಲವನ್ನು ನೋಡುವುದು, ಮಾವನನ್ನು ನೋಡುವುದು, ಚೆಂಡು ಬಿಡುವುದು.

ಒಳಗಿನಿಂದ ಅತ್ತೆಯ ದನಿ: "ಲಗ್ನ ಆಗಿ ಇಷ್ಟು ವರ್ಷ ಆತು, ನನಗ 'ಏ' ಬಿಟ್ರ ಬ್ಯಾರೆ ಹೆಸರಿಲ್ಲ. ನಾಯಿ ಯಜಮಾನ್ರಂತ."

"ನೀನೂ ಏನರ ಬಾಯಾಗ ಹಿಡಕೊಂಡು ಕುಂದ್ರು. ನಿನಗೂ ಅಂತೀನಿ."

ಯಾರು ಯಾರಿಗೆ ಕಲಿಸುತ್ತಿದ್ದರು? ಬೆಲ್ಲ ಬೇಕಾದಾಗಲೆಲ್ಲ ಏನಾದರೊಂದನ್ನು ಕಚ್ಚಿಕೊಂಡರಾಯಿತು ಎಂದು ನಾಯಿ ಬೇಗ ಕಲಿಯಿತು. ಹಾಗೆ ಕಚ್ಚಿಕೊಂಡಾಗ ಬೆಲ್ಲ ತರಬೇಕೆಂದು ಮಾವ ಅದಕ್ಕಿಂತ ಬೇಗ ಕಲಿತರು.

ಹೀಗಿರುವಾಗ ಮಾವ ಮಗಳನ್ನು ಕೊಟ್ಟ ಬೀಗರು, ಬೀಗತಿ ಕಂಪ್ಲಿಯಿಂದ ಬಂದರು. ಬಂದು ಕೂರುವಷ್ಟರಲ್ಲಿ ನಾಯಿ ಬೀಗರ ಚಪ್ಪಲಿ ಕಚ್ಚಿತು. ಮನೆಯಲ್ಲಿ ಉಳಿದಿದ್ದ ಒಂದೇ ಬೆಲ್ಲದ ತುಂಡನ್ನು ಅತ್ತೆ ಬೀಗರ ಮುಂದೆ ಇಟ್ಟಿದ್ದರು. ಮಾವ ಆ ತಟ್ಟೆ ಎತ್ತಿಕೊಂಡು ಹೋಗಿ ನಾಯಿಯ ಮುಂದೆ ಕೂತು ಕೈಮುಗಿದರು. ಚಪ್ಪಲಿ ಬಂತು, ಬೆಲ್ಲ ಹೋಯಿತು. ಬೀಗರು ಬರೀ ನೀರು ಕುಡಿದರು.

"ಇರ್ಲಿ ಬಿಡ್ರಿ," ಎಂದರು ಬೀಗತಿ. "ಮುಂದಿನ ಸಲ ನಾವೂ ಚಪ್ಪಲಿ ಕಚಗೊಂಡ ಬರ್ತೀವಿ."

ಬೀಗರು ಹೋದ ಮೇಲೆ ಅತ್ತೆ ತೀರ್ಪು ಕೊಟ್ಟರು: "ಸೋಮವಾರದೊಳಗ ಬೆಲ್ಲ ಇಲ್ಲದ ಬಿಡೋದು ಕಲೀಲಿಲ್ಲ ಅಂದ್ರ, ಇದನ್ನ ಸಂಡೂರಿಗೆ ಕುರಿ ಕಾಯೋರ ಹತ್ರ ಕಳಸ್ತೀನಿ."

ಆ ವಾರ ಮಾವ ಸರಿಯಾಗಿ ಉಣ್ಣಲಿಲ್ಲ. ಬೆಲ್ಲದ ತುಂಡು ದಿನೇ ದಿನೇ ಚಿಕ್ಕದಾಯಿತು. ಹುಣಸೆಬೀಜದಷ್ಟು, ಕಡಲೆಯಷ್ಟು, ಸಾಸಿವೆಯಷ್ಟು. ಕೊನೆಗೆ ಬರೀ ತಟ್ಟೆ. ಸೋಮವಾರ ಬೆಳಿಗ್ಗೆ ಆ ತಟ್ಟೆಯೂ ಇರಲಿಲ್ಲ. ಅತ್ತೆ ಪರೀಕ್ಷಾಧಿಕಾರಿಯಂತೆ ಬಾಗಿಲಲ್ಲಿ ನಿಂತರು. ಚೆಂಡು ಕಚ್ಚಿಕೊಂಡಿದ್ದ ನಾಯಿಯ ಮುಂದೆ ಮಾವ ಕೂತು ಕೈಮುಗಿದರು.

"ಬಿಡ್ರಿ, ಯಜಮಾನ್ರ."

ನಾಯಿ ಸುತ್ತ ತಟ್ಟೆ ಹುಡುಕಿತು. ಮಾವ ಮುಗಿದ ಕೈ ಇಳಿಸದೆ ಇನ್ನಷ್ಟು ಹತ್ತಿರ ಸರಿದರು. "ನನ್ನ ಮಾನ ಉಳಸ್ರಿ," ಎಂದರು ಮೆಲ್ಲಗೆ.

ನಾಯಿ ಚೆಂಡನ್ನು ಅವರ ಪಾದದ ಹತ್ತಿರ ಇಟ್ಟಿತು.

ಅತ್ತೆ ಒಳಗೆ ಹೋಗಿ ಹೊಸ ಬೆಲ್ಲದ ಒಂದು ತುಂಡು ತಂದರು. ನಾಯಿ ಬಾಲ ಆಡಿಸಿತು. "ನಿನಗಲ್ಲ," ಎಂದು ಗದರಿಸಿ, ಅದನ್ನು ಮಾವನ ಕೈಯಲ್ಲಿಟ್ಟರು.

ಹೋದ ತಿಂಗಳು ಮಾವ ತೀರಿಕೊಂಡರು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಹೊಸ ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿದ್ದೆವು. ನಾಯಿ ಬಂದು ಎದುರಿಗೆ ಕೂತಿತು, ಬಾಯಲ್ಲಿ ಅದೇ ಚೆಂಡು. ಅವರು ಕೇಳಲಿ ಎಂದು ಕಾದಿತ್ತು. ಒಬ್ಬರು ಗದರಿಸಿದರು. ನಾನು ಚೆಂಡು ಹಿಡಿದು ಎಳೆದೆ. ಅದು ಹಲ್ಲು ಸಡಿಲಿಸಲಿಲ್ಲ.

ಆಗ ಅತ್ತೆ ಎದ್ದು ಬಂದರು. ಅದರ ಎದುರಿಗೆ ಮಾವನ ಹಾಗೆಯೇ ಕುಕ್ಕುರುಗಾಲಲ್ಲಿ ಕೂತು ಕೈಮುಗಿದರು.

"ಬಿಡ್ರಿ, ಯಜಮಾನ್ರ," ಎಂದರು. ನಾಯಿಯನ್ನಲ್ಲ, ಮಾವನನ್ನು ನೋಡುತ್ತ.

ನಾಯಿ ಚೆಂಡು ಬಿಟ್ಟಿತು. ಅತ್ತೆ ಅದನ್ನು ಎತ್ತಿಕೊಂಡರು. ಮಾವನನ್ನು ಹೊತ್ತೊಯ್ಯುವ ಸಮಯವಾದರೂ ಅವರ ಮುಷ್ಟಿ ಬಿಚ್ಚಲಿಲ್ಲ. ಬಿಡಿ ಎನ್ನಲು ನಮಗೆ ಯಾರಿಗೂ ಬಾಯಿ ಬರಲಿಲ್ಲ. ಹಾಗೆ ಕೇಳಲು ಬಲ್ಲವರು ಒಬ್ಬರೇ ಇದ್ದರು.