ಆರ್ವಿಲ್ ಮೇಷ್ಟ್ರ ಮೂಕಿಭಾರ

೨೦೧೯ರ ಜೂನ್ ೭, ಶುಕ್ರವಾರ ಬೆಳಿಗ್ಗೆ ೬ ಗಂಟೆ ೪೦ ನಿಮಿಷಕ್ಕೆ ಆರ್ವಿಲ್ ಟ್ರೆಂಕ್ಯಾಂಪ್ ತಮ್ಮ ಹಳೆಯ ಪಿಕಪ್ಪಿನ ಬಾಗಿಲು ತೆರೆದು, ಅದರ ಅಂಚಿಗೆ ಅಂಟಿಸಿದ್ದ ಬಿಳಿ ಚೀಟಿಯನ್ನು ಓದಿ, ದಢಾರೆಂದು ಬಾಗಿಲು ಬಡಿದರು. ಗಾಡಿ ಎಷ್ಟು ಹೊರಬಲ್ಲದು ಎಂದು ಕಾರ್ಖಾನೆಯವರು ಬರೆದಿದ್ದ ಚೀಟಿ ಅದು. ಬರೆದದ್ದು ಸಾಲುವಂತಿರಲಿಲ್ಲ.

ಅಂದೇ ಸಂಜೆ ವಯೋಮಿಂಗಿನ ಸರೋವರಕ್ಕೆ ಹೊರಡಬೇಕು. ನೆಬ್ರಾಸ್ಕಾದ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದಷ್ಟೂ ಕಾಲ ಮೇಷ್ಟ್ರು ಆ ಸರೋವರದ ಟ್ರೌಟ್ ಮೀನನ್ನು ಕನಸಿನಲ್ಲೇ ಹಿಡಿದಿದ್ದರು. ನಿವೃತ್ತಿಯ ನಂತರ ಬೀಡು ಬಿಡಲು ಜಾಗ ಸಿಕ್ಕಿದ್ದೇ ಈ ವಾರಕ್ಕೆ. ಹೆಂಡತಿ ಬರ್ನಡೀನ್ ಮೂವತ್ತೊಂದು ಅಡಿಯ ಟ್ರೇಲರ್ ಕೊಂಡಿದ್ದಳು. ಮಾರಿದವರು ತಂದು ಅಂಗಳದಲ್ಲಿ ಬಿಟ್ಟು ಹೋಗಿದ್ದರು. ಒಳಗೆ ಮಂಚ, ಒಲೆ, ಬಚ್ಚಲು, ಬೆಂಕಿಯಿಲ್ಲದೆ ಬೆಂಕಿಯಂತೆ ಕಾಣುವ ಅಗ್ಗಿಷ್ಟಿಕೆ.

"ಎಳಿಯತ್ತೆ ಬಿಡಿ ಮೇಷ್ಟ್ರೆ," ಎಂದಳು ಬೇಲಿಯಾಚೆಯಿಂದ ಜೋಲೀನ್ ಕುಬಿಚೆಕ್. ಪಕ್ಕದ ಮನೆಯವಳು, ಒಂದು ಕಾಲದ ಶಿಷ್ಯೆ, ನುಗ್ಗೆಕಾಯಿಯಂಥ ಆಳು. "ನಮ್ ಭಾವ ಇಂಥದೇ ಪಿಕಪ್ಪಲ್ಲಿ ಇದಕ್ಕಿಂತ ದೊಡ್ಡದನ್ನ ಎಳ್ಕೊಂಡು ಹೋಗಿದ್ರು."

"ಹೋಗಿದ್ದಿರಲಿ. ವಾಪಸ್ ಬಂದ್ರಾ?"

"ಭಾವ ಬಂದ್ರು. ಟ್ರೇಲರ್ ಬರ್ಲಿಲ್ಲ."

"ನೋಡು! ಎಳೆಯೋದು ಬೇರೆ, ಹೊರೋದು ಬೇರೆ ಅಂತ ಕ್ಲಾಸಲ್ಲಿ ಬಡ್ಕೊಂಡಿರ್ಲಿಲ್ವಾ? ಟ್ರೇಲರಿನ ಭಾರದಲ್ಲಿ ಎಂಟನೇ ಒಂದು ಪಾಲು, ಮುಂದೆ ಕೊಕ್ಕೆ ಹಾಕೋ ಮೂಕಿಯಿಂದ ಇಳಿದು ಪಿಕಪ್ಪಿನ ಬೆನ್ನ ಮೇಲೇ ಕೂರತ್ತೆ. ಅದರ ಮೇಲೆ ನಾನು, ಇವಳು, ಆ ನಾಯಿ!"

"ಆ ಕ್ಲಾಸಲ್ಲಿ ನಾನು ಫೇಲು ಮೇಷ್ಟ್ರೆ," ಎಂದಳು ಜೋಲೀನ್. ಆಮೇಲೆ ಯಾರೂ ಕರೆಯದಿದ್ದರೂ ಟ್ರಕ್ಕು ಮಾರುವ ಅಂಗಡಿಗೆ ಜೊತೆಗೆ ಹೊರಟಳು.

ಅಂಗಡಿಯ ಹುಡುಗ ಬಾಯ್ತುಂಬ ಹಲ್ಲು ಬಿಟ್ಟ. "ಸಾರ್, ಇದು ಹದಿನಾಲ್ಕು ಸಾವಿರ ಪೌಂಡ್ ಎಳಿಯತ್ತೆ! ಸೀಟು ಬಿಸಿ ಆಗತ್ತೆ, ಸ್ಟೀರಿಂಗೂ ಬಿಸಿ ಆಗತ್ತೆ..."

"ಬಾಗಿಲು ತೆಗಿ."

"ಮೇಲೆ ಗಾಜಿನ ಚಾವಣಿ..."

"ಬಾಗಿಲು ತೆಗಿಯಯ್ಯಾ!"

ನಾಲಿಗೆ ಚಾಚಿಸುವ ಡಾಕ್ಟರಂತೆ ಮೇಷ್ಟ್ರು ಒಂದೊಂದು ಟ್ರಕ್ಕಿನ ಬಾಗಿಲನ್ನೂ ತೆರೆಸಿ ಚೀಟಿ ಓದುತ್ತ ನಡೆದರು. ಅಲಂಕಾರ ಹೆಚ್ಚಿದಷ್ಟೂ ಹೊರುವ ಶಕ್ತಿ ಕಡಿಮೆ. ಮದುವೆಮನೆಯ ನೆಂಟರ ಹಾಗೆ.

"ಐವತ್ತು ನೂರು ಪೌಂಡ್ ಹೆಚ್ಚಾದ್ರೆ ಯಾರು ನೋಡ್ತಾರೆ ಸಾರ್?" ಎಂದ ಹುಡುಗ, ಸೋತು.

ಮೇಷ್ಟ್ರ ಮುಖ ಬೀಟ್‌ರೂಟಾಯಿತು. "ಬೆಟ್ಟ ಇಳಿಯೋವಾಗ ಬ್ರೇಕು ನೋಡತ್ತೆ! ಎದುರಿನ ಕಾರಲ್ಲಿ ಮಕ್ಕಳನ್ನ ಕೂರಿಸ್ಕೊಂಡಿರೋ ತಾಯಿ ನೋಡ್ತಾಳೆ! ನಾಚಿಕೆ ಆಗಲ್ವಾ? ಒಂದೇ ಒಂದು ಪೌಂಡ್ ಹೆಚ್ಚಾದ್ರೂ ನನ್ನ ಗಾಡಿ ರಸ್ತೆಗಿಳಿಯಲ್ಲ!"

ಮಧ್ಯಾಹ್ನದ ಹೊತ್ತಿಗೆ ಹಳೆಯ ಪಿಕಪ್ಪನ್ನು ಅಲ್ಲೇ ಬಿಟ್ಟು, ಯಾವ ಬೆಡಗೂ ಇಲ್ಲದ, ಗೂಳಿಯಂಥ ಬಿಳಿ ಟ್ರಕ್ಕನ್ನು ಮೇಷ್ಟ್ರು ಮನೆಗೆ ತಂದರು. ಲೆಕ್ಕದ ಪ್ರಕಾರ ಭಾರ ಮಿತಿಯೊಳಗೇ ಇತ್ತು. ಆ ನೆಮ್ಮದಿಯಲ್ಲಿ ಒಂದು ನಿದ್ದೆ ತೆಗೆದರು.

ಸಂಜೆ ಟ್ರೇಲರ್ ಕಟ್ಟಿಕೊಂಡು ಹೊರಟು, ಹೆದ್ದಾರಿಯ ಲಾರಿ ತಂಗುದಾಣದ ತೂಕದ ಕಟ್ಟೆಯ ಮೇಲೆ ಗಾಡಿ ನಿಲ್ಲಿಸಿದರು. ಬೀಳ್ಕೊಡಲು ಜೋಲೀನ್ ತನ್ನ ಕಾರಿನಲ್ಲಿ ಹಿಂದೆಯೇ ಬಂದಿದ್ದಳು. ತೂಕದ ಚೀಟಿ ನೋಡಿ ಮೇಷ್ಟ್ರು ಕೂಗಿದರು: "ತೊಂಬತ್ತಾರು ಪೌಂಡ್ ಹೆಚ್ಚು! ಬರ್ನಡೀನ್, ಮೂಕಿ ಮೇಲಿನ ಪೆಟ್ಟಿಗೇಲಿ ಏನಿದೆ?"

"ನಮ್ಮಜ್ಜಿಯ ಎರಕದ ಬಾಣಲೆಗಳು, ಹೊಲಿಗೆ ಯಂತ್ರ. ಟ್ರಕ್ಕು ದೊಡ್ಡದಾಯ್ತಲ್ಲ, ಹಿಡಿಯತ್ತೆ ಅಂತ ಇಟ್ಟೆ."

"ಇಳಿಸು!"

"ಅಜ್ಜಿ ಬಾಣಲೆನ ಲಾರಿ ನಿಲ್ಲೋ ಜಾಗದಲ್ಲಿ ಇಳಿಸೋದಾ? ಅವೂ ಸರೋವರ ನೋಡ್ಲಿ. ಹೋಗ್ಲಿ ಬಿಡು ಆರ್ವಿಲ್, ತೊಂಬತ್ತಾರು ತಾನೆ? ಯಾರೂ ಕೇಳಲ್ಲ."

ಸುಮ್ಮನಿದ್ದಿದ್ದರೆ ಮೇಷ್ಟ್ರು ಆ ರಾತ್ರಿಯೇ ಗಡಿ ದಾಟುತ್ತಿದ್ದರು. ಆದರೆ ಬೆಳಗಿನ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು. "ನೀನೂ ಆ ಹುಡುಗನ ಹಾಗೇ ಆಡ್ತೀಯಾ? ಒಂದು ಪೌಂಡ್ ಹೆಚ್ಚಾದ್ರೂ ಗಾಡಿ ಹೊರಡಲ್ಲ ಅಂದ್ರೆ ಹೊರಡಲ್ಲ!"

ಜೋಲೀನ್ ಯೋಚಿಸಿದಳು. "ಮೇಷ್ಟ್ರೆ, ನಿಮ್ಮ ತೂಕ ಎಷ್ಟು?"

"ಇನ್ನೂರ ಮೂವತ್ತೆಂಟು. ಯಾಕೆ?"

ಕೇಳಿದ ಮೇಲೆ ಯಾಕೆಂದು ಅವರಿಗೇ ಹೊಳೆಯಿತು. ಸುತ್ತ ನೋಡಿದರು. ಹಿಂದಿನ ಸೀಟಿನಿಂದ ನಾಯಿ ಮಾತ್ರ ಅವರನ್ನು ಕರುಣೆಯಿಂದ ನೋಡುತ್ತಿತ್ತು.

"ನಾನೊಬ್ಳೇ ಹೆಂಗೆ ಹೋಗ್ಲಿ?" ಎಂದಳು ಬರ್ನಡೀನ್. "ಟ್ರೇಲರ್ ಹಿಂದಕ್ಕೆ ತಗೊಳ್ಳೋವಾಗ ಯಾರಾದ್ರೂ ಕೈ ತೋರಿಸ್ಬೇಕಲ್ಲ."

"ನಾನು ಬರ್ತೀನಿ ಕಣ್ರೀ!" ಜೋಲೀನ್ ಆಗಲೇ ಹತ್ತಿ ಕೂತಿದ್ದಳು. ತನ್ನ ಕಾರಿನ ಕೀಲಿಕೈಯನ್ನು ಕಿಟಕಿಯಿಂದ ಕೆಳಗೆ ಹಾಕಿದಳು. "ಇದರಲ್ಲಿ ಹಿಂದೆ ಬರ್ತೀನಿ ಅನ್ಬೇಡಿ ಮೇಷ್ಟ್ರೆ, ಊರು ದಾಟಿದ್ರೆ ಎಂಜಿನ್ ಕುದಿಯತ್ತೆ. ಮನೆ ತನಕ ತೊಂದ್ರೆ ಇಲ್ಲ. ನಿಮ್ಮ ಗಾಳ ಗಾಡೀಲೇ ಇರ್ಲಿ, ನಾನು ಉಪಯೋಗಿಸ್ತೀನಿ."

ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕೆಳಗೇ ನಿಂತು, ನಿಯಮ ನಿಯಮವೇ ಎಂದು ಮತ್ತೊಮ್ಮೆ ತೂಗಿಸಿದರು. ಬೂಟು ಸಹಿತ ಜೋಲೀನ್ ನೂರಹತ್ತು ಪೌಂಡು. ಟ್ರಕ್ಕು ಮಿತಿಗಿಂತ ಮೂವತ್ತೆರಡು ಪೌಂಡು ಕಡಿಮೆ ತೂಗಿತು.